ಕಿಂಡಿಯಾಚೆಯ ಬೊಗಸೆ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕ್ಲಾಸಿನಲ್ಲಿ ಯಾರಾದರೂ ದೆವ್ವ, ಗಾಳಿ ಅಂದರೆ ಬೆಂಚಿನ ಮೇಲೆ ನಿಲ್ಲಿಸುವಷ್ಟು ಜೋರು. ಆದರೂ ಹೇಳುತ್ತೇನೆ, ಇದು ನಮ್ಮ ಮನೆಯಲ್ಲಿ, ನನ್ನ ಕಣ್ಣೆದುರಿಗೇ ನಡೆದದ್ದು. ಆಗ ನನ್ನ ಜೊತೆ ಇನ್ನೊಬ್ಬರೂ ಇದ್ದರು. ಅವರಿಗೂ ಕೇಳಿಸಿತು.

ಇಂಥದ್ದನ್ನು ಹೇಳುವವರೆಲ್ಲ ಎದೆ ಹೊಡೆದುಕೊಂಡಿತು, ಬೆವರು ಕಿತ್ತುಕೊಂಡು ಬಂತು ಅಂತ ಹೇಳುತ್ತಾರೆ. ನನಗೂ ಅದೆಲ್ಲ ಆಯಿತು. ಆದರೆ ಆ ರಾತ್ರಿ ನೆನಪಾದರೆ ಇವತ್ತಿಗೂ ಮೊದಲು ಬರುವುದು ಹೆದರಿಕೆಯಲ್ಲ, ನಾಚಿಕೆ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮದು ಕೊಟ್ಟೂರಿನ ಹಳೇ ಪೇಟೆಯಲ್ಲಿರುವ ಮಾಳಿಗೆ ಮನೆ. ಪಡಸಾಲೆಯಲ್ಲಿ ಕೆತ್ತನೆಯ ಕಂಬಗಳು, ಗೋಡೆಯ ಗಾರೆಯ ಮೇಲೆ ಗಿಳಿ ಬಳ್ಳಿಗಳ ಚಿತ್ತಾರ. ಇವನ್ನೆಲ್ಲ ನೋಡಿ ಮಾವನವರ ಕಾಲದಲ್ಲೇ ಸರ್ಕಾರ ಈ ಮನೆಯನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ತಲಬಾಗಿಲ ಪಕ್ಕ ನೀಲಿ ಬೋರ್ಡು ಬಂತು. ನೆಂಟರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ನಾವೂ ಬೀಗಿದೆವು. ಆ ಬೋರ್ಡು ಇರುವ ಮನೆಯೊಳಗೆ ಒಂದು ಗೋಡೆ ಒಡೆಯಬೇಕಾದರೂ ಇಲಾಖೆಯ ಒಪ್ಪಿಗೆ ಬೇಕು ಅಂತ ನಮಗೆ ತಿಳಿದದ್ದು ಅತ್ತೆ ಬಿದ್ದ ಮೇಲೆ.

ಬಚ್ಚಲು, ಸಂಡಾಸು ಎರಡೂ ಹಿತ್ತಲಿನಲ್ಲಿ, ಕಡಿದಾದ ಮೆಟ್ಟಿಲು ಇಳಿದು ಹೋಗಬೇಕು. ಅಲ್ಲೇ ಜಾರಿ ಬಿದ್ದು ಅತ್ತೆ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟಾದರೂ ಮೆಟ್ಟಿಲು ಇಳಿಯುವುದು ಆಗಲಿಲ್ಲ. ಎಲ್ಲಾ ಮಂಚದ ಮೇಲೇ. ನನ್ನ ಗಂಡ ವೀರೇಶ ಅಂಗಡಿಯಿಂದ ಬಂದರೆ ಸಾಕು, ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗುವರು. ಕೊನೆಗೆ ಅತ್ತೆಯೇ ಒಂದು ಉಪಾಯ ಕಂಡುಕೊಂಡರು. ನೀರು ಕುಡಿಯುವುದನ್ನೇ ಬಿಟ್ಟರು.

ನೀರಿಲ್ಲದೆ ಒಳಗೆಲ್ಲ ಸೋಂಕಾಗಿ ಎರಡು ಸಲ ಆಸ್ಪತ್ರೆ ಸೇರಿದರು. "ಇನ್ನೊಮ್ಮೆ ಹೀಗಾದರೆ ಕಿಡ್ನಿ ಉಳಿಯಲ್ಲಮ್ಮ" ಅಂತ ಡಾಕ್ಟರು ನನಗೇ ಬೈದರು. ಹಾಗಾಗಿ ಮನೆಯೊಳಗೊಂದು ಟಾಯ್ಲೆಟ್ಟು ನಮಗೆ ಅನುಕೂಲದ ಮಾತಾಗಿರಲಿಲ್ಲ, ಅತ್ತೆಯ ಜೀವದ ಮಾತಾಗಿತ್ತು.

ಜಾಗವೇನೋ ಇತ್ತು. ಅತ್ತೆಯ ಮಂಚ ಇರುವ ಗೋಡೆಯ ಆಚೆಗೇ ಒಂದು ಪುಟ್ಟ ಕೋಣೆ. ಅದಕ್ಕೆ ಮನೆಯೊಳಗಿನಿಂದ ಬಾಗಿಲಿಲ್ಲ, ಪಕ್ಕದ ಸಂದಿಯಿಂದಷ್ಟೇ ಒಂದು ಗಿಡ್ಡ ಬಾಗಿಲು. ಪಡಸಾಲೆಯ ಕಡೆಗೆ ಇದ್ದದ್ದು, ಕೂತರೆ ಎದೆಯ ಮಟ್ಟಕ್ಕೆ ಬರುವ ಒಂದು ಕಿಂಡಿ ಮಾತ್ರ. ಮೊಳ ದಪ್ಪದ ಗೋಡೆಯಲ್ಲಿ ಎರಡು ಕೈ ತೂರುವಷ್ಟು ಅಗಲ. ಆ ಗೋಡೆಯಲ್ಲೊಂದು ಬಾಗಿಲು ತೆಗೆದು, ಒಳಗೆ ಕಮೋಡು ಕೂರಿಸಿ, ಸಂದಿಗೆ ಪೈಪು ಬಿಟ್ಟರೆ ಆಯಿತು.

ಅದು ಮುಟ್ಟಾದವರು ಕೂರುವ ಕೋಣೆ.

ನಮ್ಮದು ಲಿಂಗ ಕಟ್ಟಿದವರ ಮನೆ. ನಮಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಅಂತ ಮಾವನವರು ಸಭೆಗಳಲ್ಲಿ ಮಾತಾಡುತ್ತಿದ್ದರು, ಚೆನ್ನಾಗಿಯೇ ಮಾತಾಡುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರೆ, ಆ ಗೋಡೆಯಾಚೆ ಮನೆಯ ಹೆಣ್ಣೊಬ್ಬಳು ಗೋಣಿಚೀಲದ ಮೇಲೆ ಕೂತಿರುತ್ತಿದ್ದಳು. ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬಂದವರು ಕೇಳಿದರೆ ಮಾತ್ರ ಅದು ಉಗ್ರಾಣ.

ಮದುವೆಯಾದ ಹೊಸದರಲ್ಲಿ ನಾನೂ ಅಲ್ಲಿ ಕೂತಿದ್ದೇನೆ. ಏನಾದರೂ ಬೇಕಾದರೆ ಕೂಗುವ ಹಾಗಿಲ್ಲ, ಗಂಡಸರಿಗೆ ಕೇಳಿಸುತ್ತದೆ. ಕೈಬಳೆಯಿಂದ ಕಿಂಡಿಯ ಕಲ್ಲಿಗೆ ಮೆಲ್ಲಗೆ ಬಡಿಯಬೇಕು. ಆಗ ಅತ್ತೆ ಬರುವರು. ಮುಂದೆ ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ನೌಕರಿ ಸಿಕ್ಕಿತು. ದಿನಾ ಬಸ್ಸಿಗೆ ಓಡುವವಳು ಕೋಣೆಯಲ್ಲಿ ಕೂರುವುದು ಹೇಗೆ? ಯಾರೂ ಬೇಡ ಅನ್ನಲಿಲ್ಲ, ಯಾರೂ ತಪ್ಪು ಅಂತಲೂ ಅನ್ನಲಿಲ್ಲ. ಸಂದಿಯ ಬಾಗಿಲಿಗೆ ಒಂದು ಬೀಗ ಬಿತ್ತು, ಅಷ್ಟೇ. ಅಲ್ಲಿಂದೀಚೆಗೆ ನಾನು ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ಪಾಠ ಮಾಡುತ್ತಾ ಬಂದೆ.

ಒಪ್ಪಿಗೆಗೆ ಅರ್ಜಿ ಹಾಕಿದೆವು. ನಕ್ಷೆಯಲ್ಲಿ ಪ್ರತಿ ಕೋಣೆಯೂ ಹಿಂದೆ ಯಾತಕ್ಕೆ ಬಳಕೆಯಲ್ಲಿತ್ತು ಅಂತ ಬರೆಯಬೇಕಿತ್ತು. ವೀರೇಶ ನನ್ನ ಮುಖ ನೋಡಿದರು. ನಾನೇ "ಉಗ್ರಾಣ ಅಂತ ಬರೀರಿ" ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಸ್ಥಳ ನೋಡಲು ಅಧಿಕಾರಿ ಬರುತ್ತಾರೆ ಅಂತ ಫೋನ್ ಬಂದ ದಿನ ನನ್ನ ಕಣ್ಣು ಕಿಂಡಿಯ ಮೇಲೆ ಹೋಯಿತು.

"ಇದನ್ನ ಮುಚ್ಚಿಬಿಡ್ರಿ," ಅಂತ ಗಂಡನಿಗೆ ಅಂದೆ. "ಕಂಡ್ರ ಯಾತಕ್ಕಿತ್ತು ಅಂತ ಕೇಳ್ತಾರ."

"ಏನೂ ಮುಟ್ಟಬಾರ್ದು ಅಂತ ಬೋರ್ಡ್ ಹಾಕ್ಯಾರಲ್ಲ?"

"ಒಂದು ಬೊಗಸಿ ಸಿಮೆಂಟು. ಯಾರಿಗೆ ಗೊತ್ತಾಕ್ಕತಿ?"

ಅವರು ಇಟ್ಟಿಗೆ ಚೂರು ತುರುಕಿ ಸಿಮೆಂಟು ಮೆತ್ತಿ, ಮೇಲೆ ಸುಣ್ಣ ಬಳಿದರು. ಹಳೇ ಕಟ್ಟಡಕ್ಕೆ ಕೈ ಹಚ್ಚಲು ಒಪ್ಪಿಗೆ ಕೇಳುತ್ತಾ, ಒಪ್ಪಿಗೆ ಬರುವ ಮುಂಚೆಯೇ ಅದೇ ಗೋಡೆಗೆ ಕೈ ಹಚ್ಚಿದ ಜಾಣರು ನಾವು. ಅತ್ತೆ ಮಂಚದ ಮೇಲೆ ಮಲಗಿಕೊಂಡು ಎಲ್ಲವನ್ನೂ ನೋಡಿದರು.

ಎರಡು ದಿನ ಬಿಟ್ಟು ಬಂದ ಅಧಿಕಾರಿ ಹೆಂಗಸು, ಮೈಸೂರಿನ ಕಡೆಯವರು, ನನಗಿಂತ ಚಿಕ್ಕವರು. ಕಂಬ ನೋಡಿದರು, ಚಿತ್ತಾರ ನೋಡಿದರು, ಅತ್ತೆಯ ಯೋಗಕ್ಷೇಮ ಕೇಳಿದರು. ಒಳ್ಳೆಯವರು. ಆಮೇಲೆ ಆ ಗೋಡೆಯ ಹತ್ತಿರ ಬಗ್ಗಿ ಬೆರಳಿಂದ ತಟ್ಟಿದರು.

"ಇಲ್ಲಿ ಏನಿತ್ತು? ಈ ಸಿಮೆಂಟ್ ಹೊಸದು."

"ಏನಿಲ್ರಿ ಮೇಡಂ, ಇಲಿ ಬಿಲ," ಅಂದರು ವೀರೇಶ.

"ಹೌದ್ರಿ, ಅದು ಉಗ್ರಾಣ ರೀ, ಜೋಳದ ಚೀಲ ಇಡ್ತಿದ್ವಿ," ಅಂತ ನಾನು ಸೇರಿಸಿದೆ. ಕೇಳದಿದ್ದರೂ ಸೇರಿಸಿದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಅವರು ಗೋಡೆಯ ಉದ್ದಕ್ಕೂ ಕಣ್ಣಾಡಿಸಿದರು. "ಉಗ್ರಾಣಕ್ಕೆ ಮನೆ ಒಳಗಿಂದ ಬಾಗಿಲೇ ಇಲ್ಲವಲ್ಲ? ನೋಡಿ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ ಏನಿತ್ತು ಅಂತ ಗೊತ್ತಾಗದೆ ನಾನು ಶಿಫಾರಸು ಮಾಡೋಕೆ ಆಗಲ್ಲ. ಇವತ್ತು ಹಡಗಲಿಯಲ್ಲಿ ಉಳಿದುಕೊಳ್ತೀನಿ. ಬೆಳಿಗ್ಗೆ ಬರೋ ಹೊತ್ತಿಗೆ ಇದನ್ನು ಬಿಚ್ಚಿಸಿ ಇಟ್ಟಿರಿ" ಅಂದು ಹೋದರು.

ಆ ಸಂಜೆ ವೀರೇಶ ಅಂಗಡಿಗೆ ಬೀಜದ ಲೋಡು ತರಲು ಹರಪನಹಳ್ಳಿಗೆ ಹೋದವರು ಟೆಂಪೋ ಕೆಟ್ಟು ಅಲ್ಲೇ ಉಳಿದರು. "ಬೆಳಿಗ್ಗಿ ಬರತೀನಿ, ಸಿಮೆಂಟು ಇನ್ನೂ ಹಸಿ ಐತಿ, ಉಳಿ ಹಚ್ಚಿದ್ರ ಬಿಚ್ಚಿಕ್ಯಂಡು ಬರ್ತತಿ" ಅಂತ ಫೋನಿನಲ್ಲಿ ಹೇಳಿದರು. ಅತ್ತೆಗೆ ಎರಡು ತುತ್ತು ಉಣ್ಣಿಸಿ, ಉಳಿ ಸುತ್ತಿಗೆ ಹಿಡಿದುಕೊಂಡು ಕೂತೆ. ನೀರು ಕೊಟ್ಟರೆ ಅತ್ತೆ ಅವತ್ತೂ ಕುಡಿಯಲಿಲ್ಲ, ತುಟಿಗೆ ಮುಟ್ಟಿಸಿ ತಂಬಿಗೆ ವಾಪಸು ಕೊಟ್ಟರು.

ಕೊನೆಯ ಇಟ್ಟಿಗೆ ಚೂರು ಆಚೆಗೆ ಬಿದ್ದಾಗ ಕೋಣೆಯೊಳಗಿನಿಂದ ಗಾಳಿ ನುಗ್ಗಿ ನನ್ನ ಮುಖಕ್ಕೆ ಬಡಿಯಿತು. ಹಳೇ ಗೋಣಿಯ ವಾಸನೆ… ಬೇವಿನ ಸೊಪ್ಪಿನ ಕಹಿ… ಬಿಸಿಲು ಕಾಣದೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆ. ಆ ವಾಸನೆ ನನಗೆ ಗೊತ್ತಿತ್ತು. ಆದರೆ ಅದು ಕೋಣೆಯಲ್ಲಿ ಯಾರಾದರೂ ಕೂತಿರುವಾಗಿನ ವಾಸನೆ. ಇಷ್ಟು ವರ್ಷ ಬೀಗ ಬಿದ್ದ ಕೋಣೆಯಲ್ಲಿ ಧೂಳಿನ ವಾಸನೆ ಇರಬೇಕಿತ್ತು.

ಚೂರುಗಳನ್ನು ಬುಟ್ಟಿಗೆ ತುಂಬಿದೆ. ಪೊರಕೆ ತರಲು ಎದ್ದೆ.

ಟಕ್… ಟಕ್…

ಹಲ್ಲಿ ಇರಬೇಕು ಅಂದುಕೊಂಡೆ. ಅತ್ತೆ ಮಂಚಕ್ಕೆ ಬಡಿದರೇನೋ ಅಂತ ತಿರುಗಿದೆ. ಅವರ ಎರಡೂ ಕೈ ಎದೆಯ ಮೇಲಿದ್ದವು. ಕಣ್ಣು ತೆರೆದಿದ್ದರು.

ಟಕ್… ಟಕ್… ಟಕ್…

ಗಾಜು ಕಲ್ಲಿಗೆ ತಾಗುವ ಸದ್ದು. ಜೋರಿಲ್ಲ. ಯಾರಿಗೋ ತೊಂದರೆಯಾಗಬಾರದು ಅಂತ ಅಂಜಿ ಅಂಜಿ ಬಡಿದ ಹಾಗೆ.

ಇಲಿ ಇರಬಹುದು, ಸಡಿಲಾದ ಇಟ್ಟಿಗೆ ಇರಬಹುದು ಅಂತ ನನ್ನ ತಲೆಯೊಳಗಿನ ಟೀಚರು ಒಂದೊಂದೇ ಕಾರಣ ಕೊಡುತ್ತಿದ್ದಳು. ಅಷ್ಟರಲ್ಲಿ ಅತ್ತೆ ಮೆಲ್ಲಗೆ ಮಾತಾಡಿದರು.

"ನೀರು ಕೊಡವ್ವ. ಬಾಳ ಹೊತ್ತಿನಿಂದ ಬಡಿಯಾಕ ಹತ್ಯಾಳ."

"ಯಾ… ಯಾರ್ರಿ ಅತ್ತಿ?"

"ನೀ ಮುಚ್ಚಿದಾಗಿಂದ ಬಡಿಯಾಕ ಹತ್ಯಾಳ. ನನಗ ನಿದ್ದಿ ಇಲ್ಲ. ಕೊಡು."

ಮುಚ್ಚಿದಾಗಿನಿಂದ! ಅಂದರೆ ಅಷ್ಟೂ ರಾತ್ರಿ ಆ ಸದ್ದು ಕೇಳುತ್ತಾ ಅತ್ತೆ ಒಬ್ಬರೇ ಮಲಗಿದ್ದರು. ನನಗೆ ಅಳು ಬಂತು. ತಂಬಿಗೆ ಅಲ್ಲೇ ಇತ್ತು, ಅತ್ತೆ ಕುಡಿಯದೆ ಬಿಟ್ಟದ್ದು. ಅದನ್ನು ಎತ್ತಿಕೊಂಡು ಕಿಂಡಿಯ ಮುಂದೆ ಮೊಣಕಾಲೂರಿದೆ. ಯಾಕೆ ಹೋದೆ ಅಂದರೆ ಗೊತ್ತಿಲ್ಲ. ಓಡಿಹೋಗುವುದಕ್ಕಿಂತ ಅತ್ತೆ ಹೇಳಿದ್ದು ಮಾಡುವುದು ಸುಲಭ ಅನಿಸಿರಬೇಕು.

ಕತ್ತಲೆಯೊಳಗಿಂದ ಬೊಗಸೆ ಬಂತು.

ನಿಜವಾಗಿಯೂ ಬಂತು. ಎರಡು ಕೈ, ಒಂದಕ್ಕೊಂದು ಜೋಡಿಸಿ, ಕಿಂಡಿಯ ಅಂಚಿನ ತನಕ. ಚಿಕ್ಕ ವಯಸ್ಸಿನ ಕೈ. ಉಗುರಿನ ಸಂದಿಯಲ್ಲಿ ಮಣ್ಣು. ಹಸಿರು ಬಳೆ ಮೊಣಕೈ ಕಡೆಗೆ ಸರಿದಿದ್ದವು. ಟ್ಯೂಬ್‌ಲೈಟಿನ ಬೆಳಕು ಅವುಗಳ ಮೇಲೆ ಬೀಳುತ್ತಿತ್ತು, ಮಣಿಕಟ್ಟಿನ ನರ ಕೂಡ ಕಂಡಿತು. ಅದರಾಚೆ ಬರೀ ಕತ್ತಲೆ… ಮತ್ತು ಯಾರೋ ಉಸಿರು ಬಿಗಿಹಿಡಿದು ಕಾಯುತ್ತಿರುವ ಮೌನ.

ನಾನು ನೀರು ಹೊಯ್ದೆ.

ಹೊಯ್ಯುವಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ತಂಬಿಗೆಯನ್ನು ಕಿಂಡಿಯ ಮೇಲಂಚಿನ ತನಕ ಎತ್ತಿ, ಮೈ ಹಿಂದಕ್ಕೆ ಬಾಗಿಸಿ, ಆ ಬೆರಳು ನನಗೆ, ನನ್ನ ತಂಬಿಗೆಗೆ ತಾಗದ ಹಾಗೆ ಮೇಲಿನಿಂದ ಹೊಯ್ದೆ. ಅರ್ಧ ನೀರು ಬೊಗಸೆಗೆ ಬಿತ್ತು, ಅರ್ಧ ಕಲ್ಲಿನ ಮೇಲೆ ಚೆಲ್ಲಿ ನನ್ನ ಸೀರೆಗೆ ಸಿಡಿಯಿತು. ಹೀಗೆ ಹೊಯ್ದ ನೀರಿಗೆ ಬೊಗಸೆ ಒಡ್ಡುವುದು ಎಂಥದ್ದು ಅಂತ ನನಗೆ ಗೊತ್ತು. ಗಟಗಟ ಕುಡಿಯಲಾಗುವುದಿಲ್ಲ. ಮುಖಕ್ಕೆ ಸಿಡಿಯುತ್ತದೆ, ಕುಪ್ಪಸ ನೆನೆಯುತ್ತದೆ, ಇನ್ನೊಂದು ಸಲ ಕೇಳಲು ಬಾಯಿ ಬರುವುದಿಲ್ಲ. ಎಲ್ಲ ಗೊತ್ತಿದ್ದವಳೇ ಹೊಯ್ದೆ.

ಹೆದರಿಕೆಗೆ ದೂರ ಹಿಡಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹೆದರಿದ ಕೈ ಹಾಗಿರುವುದಿಲ್ಲ. ಅದು ರೂಢಿಯ ಕೈ.

ಬೊಗಸೆ ಒಂದು ಗಳಿಗೆ ಹಾಗೇ ನಿಂತಿತು. ಇನ್ನಷ್ಟು ಬೇಕಿತ್ತೋ, ಬೇರೆ ಏನಾದರೂ ಬೇಕಿತ್ತೋ. ಆಮೇಲೆ ನೀರು ಚೆಲ್ಲದಂತೆ ನಿಧಾನವಾಗಿ ಕತ್ತಲೆಯೊಳಕ್ಕೆ ಹೋಯಿತು. ಗುಟುಕರಿಸುವ ಸದ್ದು ಕೇಳಿಸಿತು. ಬಳೆ ಒಮ್ಮೆ ಸದ್ದು ಮಾಡಿತು. ಅಷ್ಟೇ.

ಹಿಂದಿನಿಂದ ಅತ್ತೆಯ ದನಿ ಬಂತು.

"ನೀನೂ ಮ್ಯಾಲಿಂದನ ಹೊಯ್ದೆಲ್ಲ."

ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ತಿರುಗಿ ನೋಡಲಿಲ್ಲ. ನೆಲಕ್ಕೆ ಹಣೆ ಹಚ್ಚಿಕೊಂಡು ಅಳುತ್ತಾ ಕೂತೆ. ಎಷ್ಟು ಹೊತ್ತೋ ತಿಳಿಯದು.

"ಅಳಬ್ಯಾಡ. ನಾನೂ ಹಂಗ ಹೊಯ್ದೀನಿ. ನಿನಗೂ ಹಂಗ ಹೊಯ್ದೀನಲ್ಲ. ಬಾ ಇಲ್ಲಿ."

ಮಂಚದ ಹತ್ತಿರ ಹೋದೆ. "ಅಕಿ ಯಾರ್ರಿ ಅತ್ತಿ? ಯಾರಾದ್ರೂ ಅಲ್ಲಿ… ತೀರಿಕ್ಯಂಡಿದ್ರೇನ್ರಿ?"

ಅತ್ತೆ ಜಂತಿ ನೋಡುತ್ತಾ ಅಂದರು, "ಯಾರಂತ ಹೇಳ್ಲಿ? ಎಷ್ಟು ಮಂದಿ ಕುಂತಾರ ಅಲ್ಲಿ. ನಮ್ಮತ್ತಿ ಕುಂತಾಳ, ನಾದಿನಿ ಕುಂತಾಳ, ನಾ ಕುಂತೀನಿ. ಸತ್ತೋರು ಯಾರೂ ಇಲ್ಲವ್ವ. ಕುಂತೋರ ಎಲ್ಲಾ."

ಆಮೇಲೆ, "ನನಗೂ ಒಂದೀಟು ನೀರು ಕೊಡು" ಅಂದರು. ತಂಬಿಗೆ ತುಂಬಿ ಅವರ ಕೈಗೆ ಕೊಟ್ಟೆ. ಕೊಟ್ಟ ನನ್ನ ಕೈಯನ್ನೂ ತಂಬಿಗೆಯ ಜೊತೆಗೇ ಹಿಡಿದುಕೊಂಡು ಪೂರ್ತಿ ಕುಡಿದರು. ಆ ರಾತ್ರಿ ನಾನು ಅವರ ಮಂಚದ ಅಂಚಿನಲ್ಲೇ ಮುದುಡಿಕೊಂಡು ಮಲಗಿದೆ. ಮತ್ತೆ ಸದ್ದಾಗಲಿಲ್ಲ.

ಬೆಳಿಗ್ಗೆ ವೀರೇಶ ಬಂದರು, ಅವರ ಹಿಂದೆಯೇ ಅಧಿಕಾರಿಯೂ ಬಂದರು. ಸಂದಿಯ ಕಡೆ ಹೋಗಿ ಬೀಗ ತೆಗೆಯಲು ನೋಡಿದರೆ ತುಕ್ಕು ಹಿಡಿದು ಅಲುಗಲಿಲ್ಲ, ಒಡೆಯಬೇಕಾಯಿತು. ಚೌಕಟ್ಟಿನ ತುಂಬ ಜೇಡರ ಬಲೆ, ಎಲ್ಲೂ ಹರಿದಿರಲಿಲ್ಲ. ನೆಲದ ಮೇಲೆ ದಪ್ಪ ಧೂಳು, ಅದರ ಮೇಲೆ ನಾನು ಬೀಳಿಸಿದ ಇಟ್ಟಿಗೆ ಚೂರುಗಳು. ಅಷ್ಟು ನೀರು ಹೊಯ್ದಿದ್ದೆನಲ್ಲ… ಪಡಸಾಲೆಯ ಕಡೆಯ ಕಲ್ಲು ಇನ್ನೂ ಒದ್ದೆಯಾಗಿತ್ತು. ಕೋಣೆಯ ಒಳಗೆ ಒಂದು ಹನಿ ಬಿದ್ದ ಗುರುತಿರಲಿಲ್ಲ. ಹಳೇ ಮಣ್ಣಿನ ಗೋಡೆ, ಹೀರಿಕೊಂಡಿರಬೇಕು ಅಂತ ಅಂದುಕೊಂಡೆ. ಕುಡಿದ ಸದ್ದಿಗೆ ಕಾರಣ ಹೊಳೆಯಲಿಲ್ಲ.

ಪಡಸಾಲೆಗೆ ಬಂದು ಅಧಿಕಾರಿ ಕಿಂಡಿಯ ಮುಂದೆ ಕೂತರು. ಅಂಚಿನ ಕಲ್ಲನ್ನು ಬೆರಳಿಂದ ಸವರಿದರು. ಬಳೆ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿತ್ತು.

"ಇದು ಯಾತಕ್ಕೆ?"

ವೀರೇಶ ನೆಲ ನೋಡಿದರು. ನಾನು ಬಾಯಿ ತೆರೆದೆ. ರಾತ್ರಿಯೆಲ್ಲ ಹೇಳುತ್ತೇನೆ, ಹೇಳಿಯೇ ಹೇಳುತ್ತೇನೆ ಅಂತ ನಿಶ್ಚಯ ಮಾಡಿದ್ದವಳು ನಾನು. ಕ್ಲಾಸಿನ ಮುಂದೆ ನಿಂತು ಸಾವಿರ ಸಲ ಹೇಳಿದ ಪದ. ಗಂಟಲಿನಿಂದ ಹೊರಗೆ ಬರಲಿಲ್ಲ.

"ಮುಟ್ಟಾದೋರು ಕೂಡೋ ಕ್ವಾಣಿ ರೀ ಅದು," ಮಂಚದ ಮೇಲಿಂದ ಅತ್ತೆ ಅಂದರು. ಮಗನ ಎದುರಿಗೇ ಅಂದರು, ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. "ಅದು ನೀರು ಹೊಯ್ಯೋ ಕಿಂಡಿ. ನಾ ಕುಂತೀನಿ, ನನ್ನ ಸೊಸೀನೂ ಕುಂತಾಳ. ಹಂಗ ಬರಕೋರಿ."

ಅಧಿಕಾರಿ ತಲೆಯೆತ್ತಲಿಲ್ಲ. "ನಮ್ಮಜ್ಜಿ ಮನೆಯಲ್ಲೂ ಇತ್ತು," ಅಂತ ಮೆಲ್ಲಗೆ ಹೇಳಿ, ಬರೆದುಕೊಂಡು ಹೋದರು.

ಒಪ್ಪಿಗೆ ಬಂತು. ಬಾಗಿಲು ತೆಗೆಯಬಹುದು, ಕಮೋಡು ಕೂರಿಸಬಹುದು, ಕಿಂಡಿಯನ್ನು ಮಾತ್ರ ಎಂದೂ ಮುಚ್ಚಕೂಡದು, ಬೇಕಾದರೆ ಮರದ ಪುಟ್ಟ ಕದ ಇಟ್ಟುಕೊಳ್ಳಬಹುದು ಅಂತ ಷರತ್ತು. ಈಗ ಅತ್ತೆ ವಾಕರ್ ಹಿಡಿದು ತಾವೇ ಹೋಗಿ ಬರುತ್ತಾರೆ. ಹೊಟ್ಟೆ ತುಂಬ ನೀರು ಕುಡಿಯುತ್ತಾರೆ. ಡಾಕ್ಟರೂ ಖುಷಿಯಾಗಿದ್ದಾರೆ.

ಆದರೆ ಕೆಲವು ರಾತ್ರಿ, ಅತ್ತೆ ನನ್ನ ಎದುರಿಗೇ ಮಂಚದ ಮೇಲೆ ನಿದ್ದೆ ಹೋಗಿರುವಾಗ, ಕಿಂಡಿಗೆ ಹಾಕಿಸಿದ ಮರದ ಕದದ ಹಿಂದಿನಿಂದ ಸದ್ದು ಬರುತ್ತದೆ. ಟಕ್… ಟಕ್… ಟಾಯ್ಲೆಟ್ಟಿನ ದೀಪ ಹಾಕಿ, ಬಾಗಿಲು ತೆರೆದು ನೋಡುತ್ತೇನೆ. ಬಿಳಿ ಟೈಲ್ಸು, ಬಕೆಟ್ಟು, ಅತ್ತೆಯ ಟವೆಲ್ಲು. ಯಾರೂ ಇರುವುದಿಲ್ಲ. ಬಾಗಿಲು ಹಾಕಿಕೊಂಡು ಬಂದು ಕೂತರೆ ಮತ್ತೆ ಟಕ್… ಟಕ್…

ಒಮ್ಮೆ ಧೈರ್ಯ ಮಾಡಿ ತಂಬಿಗೆ ತುಂಬಿ ಕಿಂಡಿಯಲ್ಲಿ ಇಟ್ಟು, ಬೆನ್ನು ತಿರುಗಿಸಿ ಬಂದುಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ತುಂಬಿದಷ್ಟೇ ಇತ್ತು. ಇಟ್ಟು ಹೋದದ್ದನ್ನು ಅವಳು ಮುಟ್ಟುವುದಿಲ್ಲ. ಅವಳಿಗೆ ಕೈಗೇ ಕೊಡಬೇಕು.

ಅದೊಂದು ನನ್ನಿಂದ ಇನ್ನೂ ಆಗಿಲ್ಲ.